ಒಂದೇ ತೂತಿನಲ್ಲಿ ಎರಡು ಗುಂಡು

ನಮ್ಮ ಸ್ಟೋವರ್ ಕಣಿವೆಯಲ್ಲಿ ಗಂಡಸಾದವನು ಮದುವೆಯಾಗದಿದ್ದರೂ ನಡೆಯುತ್ತದೆ, ಭಾನುವಾರ ಚರ್ಚಿಗೆ ಬಾರದಿದ್ದರೂ ನಡೆಯುತ್ತದೆ. ಆದರೆ ಐವತ್ತು ದಾಟಿದ ಮೇಲೂ ಒಂದು ಜಿಂಕೆ ಹೊಡೆದಿಲ್ಲವೆಂದರೆ ಮಾತ್ರ ಅವನ ಹೆಸರು ಬಂದಾಗ ಜನ ದನಿ ತಗ್ಗಿಸುತ್ತಾರೆ. ಪೆನ್ಸಿಲ್ವೇನಿಯಾದ ಈ ಬೆಟ್ಟಗಳ ಸಂದಿಯಲ್ಲಿ ಬೇಟೆ ಶುರುವಾಗುವ ದಿನ ಶಾಲೆಗೇ ರಜೆ. ಅಂಥ ಊರಿನಲ್ಲಿ ಹಾರ್ಲನ್ ಜರ್ಬಿ ಹುಟ್ಟಿದ್ದ, ಬೆಳೆದಿದ್ದ, ತಲೆ ಬೋಳಾಗಿಸಿಕೊಂಡಿದ್ದ. ಜಿಂಕೆ ಮಾತ್ರ ಹೊಡೆದಿರಲಿಲ್ಲ.

ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಒಂದು ವರ್ಷ ಕೋವಿ ತೆಗೆದುಕೊಂಡು ಹೋಗಿ ತೋಟಾ ಮನೆಯಲ್ಲಿ ಬಿಟ್ಟಿದ್ದ. ಮುಂದಿನ ವರ್ಷ ತೋಟಾ ತೆಗೆದುಕೊಂಡು ಹೋಗಿ ಕೋವಿ ಬಿಟ್ಟಿದ್ದ. ಎರಡೂ ಜೊತೆಗಿದ್ದ ವರ್ಷ ದೊಡ್ಡ ಕೊಂಬಿನ ಜಿಂಕೆಯೊಂದು ಅವನ ಎದುರಿಗೇ ಬಂದು ನಿಂತಿತ್ತು. ಹಾರ್ಲನ್ ಆಗ ಎರಡೂ ಕೈಯಲ್ಲಿ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಜಿಂಕೆ ಹೊರಟುಹೋಯಿತು, ಹಾರ್ಲನ್ ಊಟ ಮುಗಿಸಿದ.

ನಾವಿಬ್ಬರೂ ಒಂದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವವರು. ನನ್ನದು ಮೊಳೆ ವಿಭಾಗ, ಅವನದು ಬಣ್ಣ ಬೆರೆಸುವ ಕಟ್ಟೆ. ನಮ್ಮ ಚರ್ಚಿನ ಬಾಗಿಲು ಗುಲಾಬಿ ಬಣ್ಣದ್ದಾಗಿರುವುದಕ್ಕೆ ಯಾವ ಧಾರ್ಮಿಕ ಕಾರಣವೂ ಇಲ್ಲ. ಪಾದ್ರಿಗಳು ಕೇಳಿದ್ದು ಕೆನೆಬಣ್ಣ, ಬೆರೆಸಿಕೊಟ್ಟವನು ಹಾರ್ಲನ್, ಅಷ್ಟೇ.

ಈ ಸಲದ ರಗಳೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ದಿನ ಶುರುವಾಯಿತು. ಹಾರ್ಲನ್‌ನ ಹೆಂಡತಿ ಅರ್ಲೀನ್. ಅವಳ ಅಣ್ಣ ಲಮಾರ್ ಹೆಪ್ಲರ್. ಲಮಾರನ ಮನೆಯ ಗೋಡೆಯಲ್ಲಿ ಕೊಂಬುಗಳ ದಟ್ಟಣೆ ಎಷ್ಟೆಂದರೆ ಕೋಟು ನೇತುಹಾಕಿದ ಅತಿಥಿಗಳು ಹೊರಡುವಾಗ ಅದನ್ನು ಹುಡುಕಬೇಕು. ಅವನು ಟರ್ಕಿ ಕೋಳಿ ಕೊಯ್ಯುತ್ತ, "ಹಾರ್ಲನ್, ನಿಂಗೆ ಯಾವ ಭಾಗ ಹಾಕ್ಲಿ? ಈ ಹಕ್ಕಿ ಸತ್ತಿದೆ, ಹೆದರ್ಕೋಬೇಡ, ಓಡಿಹೋಗಲ್ಲ" ಎಂದ. ಮೂವತ್ತು ವರ್ಷದಿಂದ ಅವನು ಪ್ರತಿ ಥ್ಯಾಂಕ್ಸ್‌ಗಿವಿಂಗಿಗೆ ಹೇಳುತ್ತಿದ್ದುದು ಇದನ್ನೇ. ಮೇಜಿನ ಸುತ್ತ ಎಲ್ಲರೂ ಮೂವತ್ತು ವರ್ಷದಿಂದ ನಕ್ಕ ಹಾಗೆಯೇ ನಕ್ಕರು. ಹಾರ್ಲನ್ ಮಾತ್ರ ಈ ಸಲ ಚಮಚ ಕೆಳಗಿಟ್ಟ.

"ಕೋವಿಗೆ ದುರ್ಬೀನು ಹಾಕ್ಕೊಂಡು ಹೊಡೆಯೋದು ಬೇಟೆ ಅಲ್ಲ ಲಮಾರ್, ಪೋಸ್ಟ್ ಆಫೀಸ್ ಕೆಲಸ. ಇಲ್ಲಿಂದ ಕಳಿಸೋದು, ಅಲ್ಲಿ ತಲುಪೋದು. ನಮ್ಮ ಮುತ್ತಾತಂದಿರು ಚಕಮಕಿ ಕೋವೀಲಿ ಹೊಡೀತಿದ್ರು. ಒಂದೇ ಗುಂಡು, ಒಂದೇ ಅವಕಾಶ. ನಾನು ಹೊಡೆದ್ರೆ ಹಾಗೇ ಹೊಡೆಯೋದು."

"ಹೊಡೆದ್ರೆ," ಎಂದ ಲಮಾರ್.

"ಹೊಡೀತೀನಿ. ಈ ಸಲವೇ."

ಮೇಜಿನ ಸುತ್ತ ಎಲ್ಲರೂ ಲಮಾರನ ಕಡೆ ತಿರುಗಿದರು. ಆಮೇಲೆ ಲಮಾರ್ ಆಲೂಗಡ್ಡೆಯ ಮೇಲೆ ಬಿದ್ದು ಬಿದ್ದು ನಕ್ಕ.

ಕೋವಿಯೇನೋ ಇತ್ತು. ಎರಡು ಚಳಿಗಾಲ ನೆಲಮಾಳಿಗೆಯಲ್ಲಿ ಕೂತು, ಬಿಡಿಭಾಗ ತರಿಸಿ, ಮೇಪಲ್ ಮರವನ್ನು ಉಜ್ಜಿ ಉಜ್ಜಿ ಅವನೇ ಮಾಡಿದ್ದ. ಅಡಿಗೆಮನೆಯ ಕುರ್ಚಿ ರಿಪೇರಿ ಮಾಡುತ್ತಿದ್ದಾನೆಂದು ಅರ್ಲೀನ್ ನಂಬಿದ್ದಳಂತೆ, ಕೋವಿ ಮೇಲೆ ಬಂದಾಗ "ಚೆನ್ನಾಗಿದೆ, ಕುರ್ಚಿ ಎಲ್ಲಿ?" ಎಂದಳಂತೆ. ನಿಜ ಹೇಳಬೇಕೆಂದರೆ ಬಹಳ ಚೆಂದದ ಕೋವಿ. ಉದ್ದನೆಯ ನಳಿಗೆ, ಹಿತ್ತಾಳೆಯ ಕೆಲಸ, ಜೇನುಬಣ್ಣದ ಹಿಡಿ. ಅವನು ಸರಿಯಾದ ಬಣ್ಣ ಬೆರೆಸಿದ್ದು ಅದೊಂದೇ ಸಲ.

ಈ ಕೋವಿ ಹಾರಿಸುವುದೆಂದರೆ ಅಡಿಗೆ ಮಾಡಿದ ಹಾಗೆ. ನಳಿಗೆಯ ಬಾಯಿಗೆ ಮದ್ದು ಅಳೆದು ಸುರಿಯಬೇಕು. ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಸೀಸದ ಗುಂಡನ್ನಿಟ್ಟು ಉದ್ದನೆಯ ಕೋಲಿನಿಂದ ತಳದವರೆಗೆ ಗಿಡಿಯಬೇಕು. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಬೇಕು. ಕುದುರೆ, ಅಂದರೆ ಟ್ರಿಗರ್, ಎಳೆದರೆ ಚಕಮಕಿ ಕಲ್ಲು ಕಿಡಿ ಹಾರಿಸುತ್ತದೆ, ಬಟ್ಟಲಿನ ಮದ್ದು ಉರಿಯುತ್ತದೆ, ಆ ಬೆಂಕಿ ಸೂಜಿಮೊನೆಯಷ್ಟು ತೂತಿನಿಂದ ನಳಿಗೆಯೊಳಗೆ ನುಗ್ಗುತ್ತದೆ. ಆಮೇಲೆ ಗುಂಡು. ಅಂಗಡಿಯ ಹಿಂದಿನ ಬಯಲಿನಲ್ಲಿ ಅವನು ಡಿಸೆಂಬರ್ ಪೂರ್ತಿ ಅಭ್ಯಾಸ ಮಾಡಿದ. ಒಂದು ಸಲ ತುಂಬುವಷ್ಟರಲ್ಲಿ ನನ್ನ ಕಾಫಿ ಮುಗಿಯುತ್ತಿತ್ತು. ಆದರೆ ಹಲಗೆಗೆ ಗುಂಡು ಬೀಳುತ್ತಿತ್ತು, ಅದೂ ನಡುವಿಗೆ. ನನಗೇ ಆಶ್ಚರ್ಯವಾಗಿ ಎರಡನೇ ಕಪ್ಪು ಕುಡಿಯುತ್ತಿದ್ದೆ.

ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯವರಿಗೆಂದೇ ಬೇರೆ ಬೇಟೆಯ ಕಾಲ ಉಂಟು. ಹೊಸ ವರ್ಷದ ದಿನ ಬೆಳಿಗ್ಗೆ ಹಾರ್ಲನ್ ಹಿಮ ತುಳಿದುಕೊಂಡು ಬೆಟ್ಟ ಹತ್ತಿದ. ಚೀಲದಲ್ಲಿ ಅರ್ಲೀನ್ ಕೊಟ್ಟ ಜಾಡಿ, ಜಾಡಿಯಲ್ಲಿ ಬೀಟ್‌ರೂಟಿನ ಹುಳಿನೀರಿನಲ್ಲಿ ನೆನೆಸಿದ ಕೆಂಪು ಮೊಟ್ಟೆಗಳು. ಹೋಗುವ ಮುಂಚೆ ಕೋವಿಗೆ ಪ್ರೀತಿಯಿಂದ ಎಣ್ಣೆ ಹಚ್ಚಿದ್ದ. ಪ್ರೀತಿ ಸ್ವಲ್ಪ ಹೆಚ್ಚಾಗಿ ಆ ಸೂಜಿತೂತಿನೊಳಗೂ ಇಳಿದಿತ್ತು.

ಬಿದ್ದ ಮರವೊಂದರ ಮೇಲೆ ಕೂತಿದ್ದವನ ಮುಂದೆ ಗಂಡು ಜಿಂಕೆ ಬಂದು ನಿಂತಿತು. ಈ ಸಲ ಕೈಯಲ್ಲಿ ಸ್ಯಾಂಡ್‌ವಿಚ್ ಇರಲಿಲ್ಲ. ಗುರಿ ಹಿಡಿದ, ಭುಜಕ್ಕೆ ಬೀಳುವ ಒದೆತಕ್ಕೆ ಮೈಯನ್ನೆಲ್ಲ ಮುಂದಕ್ಕೆ ಬಾಗಿಸಿದ, ಕುದುರೆ ಎಳೆದ. ಬಟ್ಟಲಿನ ಮದ್ದು ಭುಸ್ಸೆಂದಿತು. ಅಷ್ಟೇ. ಗುಂಡು ಒಳಗೇ ಕೂತಿತ್ತು. ಒದೆತ ಬಾರದ್ದರಿಂದ ಹಾರ್ಲನ್ ತಾನು ಬಾಗಿದ ಕಡೆಗೇ ಲಾಗ ಹಾಕಿ ಬೆನ್ನ ಮೇಲೆ ಬಿದ್ದ. ಎರಡು ಮರದ ದಿಮ್ಮಿಗಳ ಸಂದಿಗೆ ಕಾಲು ಸಿಕ್ಕಿಕೊಂಡಿತು. ಜಿಂಕೆ ಸ್ವಲ್ಪ ಹೊತ್ತು ನೋಡಿ, ನೋಡುವಂಥದ್ದು ಇನ್ನೇನೂ ಇಲ್ಲವೆಂದು ಹೋಯಿತು.

ಹಾರ್ಲನ್ ಹೆಂಡತಿಗೆ ಫೋನ್ ಮಾಡಿದ. ನಮ್ಮ ಬೆಟ್ಟದಲ್ಲಿ ಸಿಗ್ನಲ್ಲು ಜರಡಿ ಹಿಡಿದ ಹಾಗೆ. ಕೆಲವು ಮಾತು ಉದುರುತ್ತವೆ, ಕೆಲವು ಮೇಲೇ ಉಳಿಯುತ್ತವೆ. ಅವನು ಹೇಳಿದ್ದು ಇದು: "ಅರ್ಲೀನ್, ಜಿಂಕೆ ಬಂತು, ಗುಂಡು ಹಾರ್ಲಿಲ್ಲ. ಬಿದ್ದೆ. ಬೆನ್ನಿಗೆ ಸರಿಯಾಗಿ ಏಟು ಬಿತ್ತು. ಕಾಲು ಎತ್ತಕ್ಕಾಗ್ತಿಲ್ಲ, ಲಮಾರ್‌ನ ಮಾತ್ರ ಕರೀಬೇಡ, ಬೇರೆ ಯಾರನ್ನಾದ್ರೂ ಕಳಿಸು."

ಅವಳಿಗೆ ಕೇಳಿಸಿದ್ದು ಇದು: "ಅರ್ಲೀನ್, ಜಿಂಕೆ... ಸರಿಯಾಗಿ ಏಟು ಬಿತ್ತು... ಎತ್ತಕ್ಕಾಗ್ತಿಲ್ಲ, ಲಮಾರ್‌ನ... ಕಳಿಸು."

ಅರ್ಲೀನ್ ಆಗ ಬೆಂಕಿ ಆರಿಸುವ ದಳದವರ ಸಭಾಂಗಣದಲ್ಲಿ, ಅಂದರೆ ನಮ್ಮ ಫೈರ್ ಹಾಲ್‌ನಲ್ಲಿ, ಇದ್ದಳು. ಹೊಸ ವರ್ಷದ ದಿನ ಊರಿಗೆ ಊರೇ ಅಲ್ಲಿ ಸೇರಿ ಹಂದಿಮಾಂಸ, ಹುಳಿ ಎಲೆಕೋಸು ಉಣ್ಣುವುದು ನಮ್ಮ ಪದ್ಧತಿ. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅವಳು ಫೋನ್ ಎದೆಗೊತ್ತಿಕೊಂಡು, "ಹಾರ್ಲನ್ ಜಿಂಕೆ ಹೊಡೆದ," ಎಂದಳು, ಮೆಲ್ಲಗೆ. ಯಾರೂ ಅಲುಗಾಡಲಿಲ್ಲ. "ಎತ್ತಕ್ಕಾಗಲ್ವಂತೆ. ಅಷ್ಟು ದೊಡ್ಡದಂತೆ."

ಮೊದಲು ಬಾಯಿ ತೆರೆದವಳು ಮಿನರ್ವಾ ಅತ್ತೆ. ಅವಳು ಯಾರ ಸೋದರತ್ತೆ ಎಂದು ಯಾರಿಗೂ ಗೊತ್ತಿಲ್ಲ, ಊರಿಗೆಲ್ಲ ಅತ್ತೆ. "ನಂಗೆ ಕೇಳಿಸ್ತು ಕಣೇ ಅರ್ಲೀನ್! ಬೆಳಿಗ್ಗೆ ಕಾಫಿ ಕುಡೀತಾ ಇದ್ದೆ, ಢಂ ಅಂತು! ಅಡಿಗೆಮನೆ ಗಾಜು ಅದುರಿಹೋಯ್ತು. ಇದು ಮಾಮೂಲಿ ಕೋವಿ ಅಲ್ಲ ಅಂದ್ಕೊಂಡೆ."

ಹಾರದ ಗುಂಡಿನ ಶಬ್ದ ಮೊದಲ ಬಾರಿಗೆ ಕೇಳಿಸಿಕೊಂಡ ಕೀರ್ತಿ ಹೀಗೆ ಅತ್ತೆಗೆ ಸಂದಿತು. ಐದು ನಿಮಿಷದಲ್ಲಿ ಇನ್ನೂ ನಾಲ್ಕು ಜನರ ಗಾಜು ಅದುರಿತು. ಯಾರೋ ಸಂಭ್ರಮ ತಡೆಯಲಾರದೆ ಬೆಂಕಿಯ ಸೈರನ್ನನ್ನೇ ಒತ್ತಿಬಿಟ್ಟರು. ಅದನ್ನು ಕೇಳಿ ಎಲ್ಲಿಗೆ ಬೆಂಕಿ ಬಿತ್ತೋ ಎಂದು ಓಡಿಬಂದವರಲ್ಲಿ ಬೇಟೆ ಇಲಾಖೆಯ ಅಧಿಕಾರಿ ಜೋಲೀನ್ ಮಾಸ್ಟ್ ಕೂಡ ಇದ್ದಳು. ಚಿಕ್ಕ ವಯಸ್ಸು, ಹಸಿರು ಸಮವಸ್ತ್ರ, ನಗು ಕಡಿಮೆ. ಹಂದಿಮಾಂಸವನ್ನು ಅಲ್ಲೇ ಬಿಟ್ಟು ನಾವೆಲ್ಲ ಬೆಟ್ಟಕ್ಕೆ ಹೊರಟೆವು: ಮುಂದೆ ಜಾರುಬಂಡಿ ಎಳೆಯುತ್ತ ಲಮಾರ್, ಹಿಂದೆ ಕ್ಯಾಮೆರಾ ಹಿಡಿದ ಮಿನರ್ವಾ ಅತ್ತೆ, ಅವಳ ಹಿಂದೆ ಗಾಜು ಅದುರಿದವರು, ಕೊನೆಯಲ್ಲಿ ಕಾನೂನು.

ಅಷ್ಟು ಹೊತ್ತಿಗೆ ಹಾರ್ಲನ್ ಹೇಗೋ ಕಾಲು ಬಿಡಿಸಿಕೊಂಡು, ಹಾರಿಹೋದ ಟೋಪಿ ಹುಡುಕುತ್ತ ಆಚೀಚೆ ಓಡಾಡುತ್ತಿದ್ದ. ಮರಗಳ ನಡುವೆ ನಮ್ಮ ಮೆರವಣಿಗೆ ಕಂಡು ಅವನ ಮುಖ ಹಿಮದ ಬಣ್ಣಕ್ಕೆ ತಿರುಗಿತು. "ನೋಡಿ, ನಾನು..." ಎಂದ. ಲಮಾರ್ ಜಾರುಬಂಡಿಯ ಹಗ್ಗ ಬಿಟ್ಟು ಬಂದು ಅವನನ್ನು ಅಪ್ಪಿಕೊಂಡೇಬಿಟ್ಟ. ಲಮಾರ್ ತನ್ನ ಮದುವೆಯಲ್ಲಿ ಹೆಂಡತಿಯನ್ನು ಅಪ್ಪಿದ್ದನ್ನೂ ನಾವು ಕಂಡವರಲ್ಲ.

"ಕ್ಷಮಿಸಿಬಿಡೋ ಹಾರ್ಲನ್. ಮೂವತ್ತು ವರ್ಷ ಎಲ್ರ ಮುಂದೆ ನಿನ್ನ ಕಾಲೆಳೆದೆ. ಈಗ ಎಲ್ರ ಮುಂದೇನೇ ಹೇಳ್ತೀನಿ, ತಪ್ಪಾಯ್ತು." ಸೊಂಟದಿಂದ ಜಿಂಕೆಕೊಂಬಿನ ಹಿಡಿಯ ಚಾಕು ಬಿಚ್ಚಿದ. "ಅಪ್ಪನ ಚಾಕು. ಸಾಯೋ ಮುಂಚೆ ಹೇಳಿದ್ರು, ಹಾರ್ಲನ್ ಮೊದಲ ಜಿಂಕೆ ಹೊಡೆದ ದಿನ ಕೊಡು ಅಂತ. ನಾನು ಸಾಯೋವರೆಗೂ ಇದು ನಂದೇ ಅಂದ್ಕೊಂಡಿದ್ದೆ."

ಅರ್ಲೀನ್ ಕಣ್ಣೊರೆಸಿಕೊಂಡಳು. ಮಿನರ್ವಾ ಅತ್ತೆ ಫೋಟೋ ತೆಗೆದಳು. ಇಂಥ ಹೊತ್ತಿನಲ್ಲಿ ಸತ್ಯ ಹೇಳುವ ಗಂಡಸನ್ನು ನಾನಿನ್ನೂ ನೋಡಬೇಕಾಗಿದೆ.

"ಅದ್ಸರಿ, ಜಿಂಕೆ ಎಲ್ಲಿ?" ಎಂದಳು ಜೋಲೀನ್ ಮಾಸ್ಟ್.

"ಅದು... ಆ ಕಡೆ ಹೋಯ್ತು," ಎಂದ ಹಾರ್ಲನ್. ಅದು ಸತ್ಯವೇ.

"ಏಟು ತಿಂದು ಓಡಿದೆ!" ಎಂದು ಲಮಾರ್ ಕೂಗಿದ. ಗಾಯಗೊಂಡ ಜಿಂಕೆಯನ್ನು ಕಾಡಿನಲ್ಲಿ ಬಿಟ್ಟುಬರುವುದು ನಮ್ಮಲ್ಲಿ ದೊಡ್ಡ ಪಾಪ. ಸಿಗುವ ತನಕ ಯಾರಿಗೂ ಊಟವಿಲ್ಲ. ಹಾರ್ಲನ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಿನರ್ವಾ ಅತ್ತೆ ಚೀರಿದಳು: "ರಕ್ತ!"

ಹಿಮದ ಮೇಲೆ ಕೆಂಪು ಹನಿಗಳು. ಲಮಾರ್ ಮೊಣಕಾಲೂರಿ ಕೂತ. ರೋಗಿಯ ಕಡೆಯವರು ಡಾಕ್ಟರ ಮುಖ ನೋಡುವ ಹಾಗೆ ನಾವೆಲ್ಲ ಅವನ ಮುಖ ನೋಡಿದೆವು. "ತಿಳಿ ಕೆಂಪು. ಶ್ವಾಸಕೋಶಕ್ಕೇ ಬಿದ್ದಿದೆ. ಭಲೇ! ಇಲ್ಲಿಂದ ಹೊರಟಿದೆ, ನೋಡಿ. ಇಲ್ಲಿ ಸುಸ್ತಾಗಿ ನಿಂತಿದೆ. ಇಲ್ಲಿ ಒಂದು ಸುತ್ತು ತಿರುಗಿದೆ, ದಿಕ್ಕು ತಪ್ಪಿದೆ ಪಾಪ. ಈ ಮರದ ಹಿಂದೆ ಬಹಳ ಹೊತ್ತು ನಿಂತಿದೆ... ಯಾಕೋ ಗೊತ್ತಾಗ್ತಿಲ್ಲ."

ಆ ಮರದ ಹಿಂದೆ ಹಾರ್ಲನ್ ಯಾಕೆ ನಿಂತಿದ್ದನೆಂದು ಹಿಮ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ಉತ್ಸಾಹದಲ್ಲಿದ್ದ ಲಮಾರ್ ಮುಂದೆ ಹೋಗಿದ್ದ. "ಹಳ್ಳದ ಕಡೆಗೇ ಇಳಿದಿರತ್ತೆ! ಎಲ್ರೂ ಸಾಲಾಗಿ ಬನ್ನಿ!" ಜನ ದಿಣ್ಣೆಯಾಚೆ ಇಳಿದರು. ಹುಳಿ ಎಲೆಕೋಸು ನೆನೆಸಿಕೊಂಡು ನನ್ನ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ನಾನು ಹಾರ್ಲನ್‌ನ ಜೊತೆ ಹಿಂದೆ ಉಳಿದೆ.

ಉಳಿದವಳು ಇನ್ನೊಬ್ಬಳು ಜೋಲೀನ್ ಮಾಸ್ಟ್. ಕೈಗವಸು ಬಿಚ್ಚಿ, ಒಂದು ಹನಿಯನ್ನು ಬೆರಳಿನಿಂದ ತೆಗೆದು ಮೂಸಿದಳು. ಹಾರ್ಲನ್‌ನ ಚೀಲದ ತಳವನ್ನು ನೋಡಿದಳು. ಅಲ್ಲಿಂದ ಇನ್ನೊಂದು ಹನಿ ತೊಟ್ಟಿಕ್ಕಿತು.

"ಮಿಸ್ಟರ್ ಜರ್ಬಿ, ಈ ಜಿಂಕೆ ದಿನಾ ವಿನಿಗರ್ ಕುಡೀತಿತ್ತಾ?"

ಹಾರ್ಲನ್ ಹಿಮದ ಮೇಲೆ ಹಾಗೇ ಕೂತುಬಿಟ್ಟ. "ಮೊಟ್ಟೆ ಮೇಡಂ. ಬಿದ್ದಾಗ ಜಾಡಿ ಒಡೀತು. ನಾನು ಹೊಡೆದೇ ಇಲ್ಲ. ಗುಂಡು ಇನ್ನೂ ಒಳಗೇ ಇದೆ. ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ಯಾರಾದ್ರೂ ಅಪ್ಕೋತಾರೆ. ಮಾವನ ಚಾಕು ಬೇರೆ ಕೊಟ್ಬಿಟ್ಟ. ಸೊಂಟದಲ್ಲಿ ಕೆಂಡ ಇಟ್ಕೊಂಡಂಗಿದೆ. ನನ್ನ ಅರೆಸ್ಟ್ ಮಾಡಿ. ದಯವಿಟ್ಟು ಮಾಡಿ. ಊರವರ ಕೈಗಿಂತ ಅದೇ ವಾಸಿ."

"ಜಿಂಕೆ ಹೊಡೀದೇ ಇರೋದಕ್ಕೆ ಅರೆಸ್ಟ್ ಮಾಡೋ ಕಾನೂನು ಇಲ್ಲ."

"ಈ ಊರಲ್ಲಿ ಇರಬೇಕಿತ್ತು ಮೇಡಂ," ಎಂದೆ ನಾನು.

ಅವಳು ನಗಲಿಲ್ಲ. "ಅವರೆಲ್ಲ ವಾಪಸ್ ಬರ್ತಾರೆ. ಬಂದ ತಕ್ಷಣ ಹೇಳ್ಬಿಡಿ. ಅಪ್ಪಿಕೊಳ್ಳೋಕೆ ಬಂದ್ರೆ ನಾನು ತಡೀತೀನಿ. ಅದಕ್ಕೂ ಮುಂಚೆ ಆ ಗುಂಡನ್ನ ಹೊರಗೆ ಹಾಕಿ. ತುಂಬಿದ ಕೋವಿ ಹಿಡ್ಕೊಂಡು ಜನರ ಮಧ್ಯೆ ನಿಲ್ಲೋ ಹಾಗಿಲ್ಲ. ಅಗೋ, ಆ ಮಣ್ಣಿನ ದಿಬ್ಬಕ್ಕೆ ಹಾರಿಸಿ."

ಹಾರ್ಲನ್ ಸಣ್ಣ ತಂತಿಯಿಂದ ಆ ಸೂಜಿತೂತನ್ನು ಚುಚ್ಚಿ ಚುಚ್ಚಿ ಎಣ್ಣೆ ತೆಗೆದ. ಬಟ್ಟಲು ಒರೆಸಿ ಹೊಸ ಮದ್ದು ಹಾಕಿದ. ಇಷ್ಟು ಕೆಲಸವನ್ನು ಅವನು ಒಂದೂ ತಪ್ಪಿಲ್ಲದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾರನ್ನೂ ಮೆಚ್ಚಿಸುವ ಯೋಚನೆ ಆಗ ಅವನಿಗಿರಲಿಲ್ಲ. ಕೋವಿ ಎತ್ತಿ ದಿಬ್ಬಕ್ಕೆ ಗುರಿಯಿಟ್ಟ.

ದಿಬ್ಬದ ಮುಂದಿನ ಪೊದೆ ಅಲುಗಿತು. ದಿಣ್ಣೆಯಾಚೆಯ ಗದ್ದಲಕ್ಕೆ ರೋಸಿಹೋಗಿ, ಎಲ್ಲಾದರೂ ಶಾಂತಿಯುಂಟೇ ಎಂದು ಹುಡುಕಿಕೊಂಡು ಒಂದು ದಪ್ಪ ಹೆಣ್ಣು ಜಿಂಕೆ ಹೊರಬಂದು ದಿಬ್ಬಕ್ಕೆ ಅಡ್ಡವಾಗಿ ನಿಂತಿತು. ಕಿವಿ ಮಾತ್ರ ತಿರುಗಿಸಿತು.

ಹಾರ್ಲನ್ ತಲೆ ತಿರುಗಿಸದೆ ಪಿಸುಗುಟ್ಟಿದ: "ಮೇಡಂ?"

"ಹಿಂದೆ ಮಣ್ಣಿದೆ. ಜನ ಆಚೆ ಇದ್ದಾರೆ. ನಿಮ್ಮ ಹತ್ರ ಪರವಾನಗಿ ಇದೆ," ಎಂದಳು ಅವಳು, ಅಷ್ಟೇ ಮೆಲ್ಲಗೆ. "ಮುಂದಿನದು ನಿಮಗೆ ಬಿಟ್ಟಿದ್ದು."

ಕುದುರೆ ಎಳೆದ. ಕಿಡಿ ಹಾರಿತು, ಬಟ್ಟಲು ಭುಸ್ಸೆಂದಿತು, ಆಮೇಲೆ ನಿಜವಾಗಿಯೂ ಗಾಜು ಅದುರುವಂಥ ಢಂ. ದಟ್ಟ ಬಿಳಿ ಹೊಗೆ ನಮ್ಮ ಮೂವರನ್ನೂ ನುಂಗಿತು. ಹೊಗೆಯೊಳಗಿಂದ ಹಾರ್ಲನ್‌ನ ದನಿ ಕೇಳಿಸಿತು: "ಹೋಯ್ತು. ಇದೂ ಹೋಯ್ತು."

"ಹೋಗಿಲ್ಲ," ಎಂದಳು ಜೋಲೀನ್ ಮಾಸ್ಟ್.

ಜಿಂಕೆ ನಾಲ್ಕು ಹೆಜ್ಜೆ ನಡೆದು ಪೊದೆಯ ಬುಡದಲ್ಲಿ ಮಲಗಿತ್ತು. ಹಾರ್ಲನ್ ಹತ್ತಿರ ಹೋದ. ಕುಣಿಯುತ್ತಾನೆಂದುಕೊಂಡಿದ್ದೆ. ಅವನು ಪಕ್ಕದಲ್ಲಿ ಮೊಣಕಾಲೂರಿ ಕೂತು ಅದರ ಕುತ್ತಿಗೆಯ ಮೇಲೆ ಕೈಯಿಟ್ಟ, ಕೈ ತೆಗೆಯಲೇ ಇಲ್ಲ. "ಇನ್ನೂ ಬೆಚ್ಚಗಿದೆ," ಎಂದ. ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಎಂದು ನಾನು ಬರೆಯಬಹುದು, ಆದರೆ ಹೊಗೆ ಆಗಲೇ ಚದುರಿಹೋಗಿತ್ತು.

ಶಬ್ದ ಕೇಳಿ ಊರೇ ದಿಣ್ಣೆ ಹತ್ತಿ ಓಡಿಬಂತು. ಹಾರ್ಲನ್ ಎದ್ದು ನಿಂತ. ಜೋಲೀನ್ ಮಾಸ್ಟ್ ಎರಡೂ ಕೈ ಚಾಚಿ ಲಮಾರನನ್ನು ತಡೆದಳು. ಹಾರ್ಲನ್ ಸೊಂಟದಿಂದ ಚಾಕು ಬಿಚ್ಚಿ ಮುಂದಕ್ಕೆ ಹಿಡಿದು ಒಂದೇ ಉಸಿರಿಗೆ ಹೇಳಿದ:

"ಎಲ್ರೂ ಕೇಳಿ. ಬೆಳಿಗ್ಗೆ ನಾನು ಹೊಡೀಲೇ ಇಲ್ಲ. ಗುಂಡು ಹಾರ್ಲಿಲ್ಲ. ಎತ್ತಕ್ಕಾಗದೆ ಇದ್ದಿದ್ದು ನನ್ನ ಕಾಲು. ಆ ಕೆಂಪು ಹನಿ ಮೊಟ್ಟೆ ಜಾಡಿದು. ನೀವೆಲ್ಲ ಚಳೀಲಿ ಹುಡುಕಿದ್ದು ಇಲ್ಲದೇ ಇರೋ ಜಿಂಕೇನ. ಇದು ಬೇರೆ ಜಿಂಕೆ, ಈಗ ತಾನೇ ಹೊಡೆದಿದ್ದು. ಲಮಾರ್, ನಾನು ಸುಮ್ನಿದ್ದಿದ್ದು ತಪ್ಪು. ಈ ಚಾಕು ತಗೋ."

ಎಲ್ಲರೂ ಒಂದು ಗಳಿಗೆ ಅವನನ್ನು ನೋಡಿದರು. ಆಮೇಲೆ ಮಿನರ್ವಾ ಅತ್ತೆ ಅರ್ಲೀನಳ ಭುಜ ತಟ್ಟಿ, "ಎಷ್ಟು ಸಂಕೋಚದ ಹುಡುಗ ನೋಡು," ಎಂದಳು.

"ಗುಂಡು ಹಾರ್ಲಿಲ್ವಂತೆ!" ಲಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಡೀ ಕಣಿವೆಗೆ ಕೇಳಿಸಿದೆಯಲ್ಲೋ! ರಕ್ತದ ಜಾಡು ನಾನೇ ಕಣ್ಣಾರೆ ಓದಿಲ್ವಾ? ನಂಗೆ ಮೊಟ್ಟೆಗೂ ಜಿಂಕೆಗೂ ವ್ಯತ್ಯಾಸ ಗೊತ್ತಾಗಲ್ವಾ? ಸುತ್ತು ಹೊಡ್ಕೊಂಡು ಹೊರಟ ಜಾಗಕ್ಕೇ ವಾಪಸ್ ಬಂದಿದೆ, ಏಟು ತಿಂದ ಜಿಂಕೆ ಹಾಗೇ ಮಾಡೋದು. ಇವನು ಎರಡನೇ ಗುಂಡು ಹೊಡೆದು ಕೆಲಸ ಮುಗಿಸಿದ್ದಾನೆ." ಬಗ್ಗಿ ಜಿಂಕೆಯನ್ನು ಹೊರಳಿಸಿ ಹೊರಳಿಸಿ ನೋಡಿದ. ಹುಬ್ಬು ಗಂಟಿಕ್ಕಿತು. ಒಂದೇ ತೂತು. ಮತ್ತೆ ನೋಡಿದ. ಒಂದೇ. ತಾನು ಓದಿದ ಜಾಡು ತಪ್ಪೆಂದು ಒಪ್ಪುವುದೋ, ಇನ್ನೇನಾದರೂ ದಾರಿಯುಂಟೋ ಎಂದು ಅವನು ಹೆಣಗಾಡುವುದು ನಮಗೆಲ್ಲ ಕಾಣುತ್ತಿತ್ತು. ಕಡೆಗೆ ಟೋಪಿ ತೆಗೆದು ನೆಟ್ಟಗೆ ನಿಂತ.

"ಒಂದೇ ತೂತಲ್ಲಿ," ಎಂದ. "ಎರಡು ಗುಂಡೂ ಒಂದೇ ತೂತಲ್ಲಿ!"

ಜನ ಟೋಪಿ ತೆಗೆದರು. ಹಾರ್ಲನ್ ಜೋಲೀನ್ ಮಾಸ್ಟ್ ಕಡೆ ತಿರುಗಿ, "ಮೇಡಂ, ನೀವಾದ್ರೂ ಹೇಳಿ," ಎಂದು ಗೋಗರೆದ.

"ಅವರು ಹೇಳ್ತಿರೋದೇ ನಿಜ. ನಾನೇ ಸಾಕ್ಷಿ," ಎಂದಳು ಅವಳು ಗಟ್ಟಿಯಾಗಿ.

"ಕೇಳಿಸ್ತಾ?" ಎಂದ ಲಮಾರ್. "ಸರ್ಕಾರವೇ ಸಾಕ್ಷಿ! ಚಾಕು ನಿಂದೇ ಇಟ್ಕೊಳ್ಳೋ, ನಿಂಗಲ್ದೆ ಇನ್ಯಾರಿಗೆ?" ಜೋಲೀನ್ ಮಾಸ್ಟ್ ಮುಖ ಆಚೆ ತಿರುಗಿಸಿದಳು. ಅವಳ ಭುಜ ಕುಲುಕುತ್ತಿದ್ದುದು ಚಳಿಗಿರಲಾರದು.

ಸಂಜೆ ಫೈರ್ ಹಾಲಿನಲ್ಲಿ ತಣ್ಣಗಾದ ಹಂದಿಮಾಂಸ ತಿನ್ನುತ್ತ ಲಮಾರ್ ಈ ಕಥೆಯನ್ನು ಮೊದಲಿನಿಂದ ಹೇಳಿದ. ಹಾರ್ಲನ್ ನಡುವೆ ಎದ್ದು, "ಅದು ಹಾಗಲ್ಲ, ನಾನು ಅಲ್ಲೇ ಇದ್ನಲ್ಲ," ಎಂದ. "ಕೂತ್ಕೋ, ನಿಂಗೆ ಹೊಗೇಲಿ ಏನೂ ಕಂಡಿರಲ್ಲ," ಎಂದು ಲಮಾರ್ ಭುಜ ಹಿಡಿದು ಕೂರಿಸಿದ. ಅರ್ಲೀನ್ ಮಾತ್ರ ಗಂಡನ ತಟ್ಟೆಗೆ ಎಲೆಕೋಸು ಬಡಿಸುತ್ತ ಕಿವಿಯ ಹತ್ತಿರ ಬಗ್ಗಿ, "ನಾನು ನಂಬ್ತೀನಿ. ನೀನು ಬಿದ್ದಿರ್ತೀಯಾ ಅಂತ ನಂಗೆ ಗೊತ್ತು," ಎಂದಳು. ಅಷ್ಟಾದ ಮೇಲೆ ಅವನು ಸಮಾಧಾನವಾಗಿ ಉಂಡ.

ಸುದ್ದಿ ಬೆಟ್ಟ ದಾಟಿತು. ಫೆಬ್ರವರಿ ಬರುವಷ್ಟರಲ್ಲಿ ಪಕ್ಕದ ಕಣಿವೆಗಳಿಂದ ಉದ್ದ ಗಡ್ಡದ, ಗಂಭೀರ ಮುಖದ ಚಕಮಕಿ ಕೋವಿಯವರು ನಮ್ಮ ಅಂಗಡಿಗೆ ಬರತೊಡಗಿದರು. ಬೇಡದ ಬಣ್ಣದ ಡಬ್ಬಿಯೊಂದನ್ನು ಎತ್ತಿಕೊಂಡು ಕಟ್ಟೆಯ ಬಳಿ ಸುಳಿದಾಡಿ, ಕಡೆಗೆ ದನಿ ತಗ್ಗಿಸಿ ಕೇಳುವರು. ಹಾರ್ಲನ್ ಮೊದಲು ಮೊದಲು ಪೂರ್ತಿ ಕಥೆ ಹೇಳುತ್ತಿದ್ದ: ಎಣ್ಣೆ, ದಿಮ್ಮಿ, ಕಾಲು, ಮೊಟ್ಟೆ. ಅವರು ಗುಟ್ಟು ಬಿಟ್ಟುಕೊಡದ ಜಿಪುಣನೆಂದು ಬೇಸರಪಟ್ಟುಕೊಂಡು ಹೋಗುವರು.

ಮೊನ್ನೆ ಒಬ್ಬ ಮುದುಕರು ಬಹಳ ದೂರದಿಂದ ಬಂದಿದ್ದರು. "ಒಂದೇ ಮಾತಲ್ಲಿ ಹೇಳಿಬಿಡಿ ಮಿಸ್ಟರ್ ಜರ್ಬಿ. ಎರಡು ಗುಂಡು ಒಂದೇ ತೂತಲ್ಲಿ ಹೋಗೋಕೆ ಏನು ಮಾಡಬೇಕು?"

ಹಾರ್ಲನ್ ಹಸಿರಿಗೆ ನೀಲಿ ಬೆರೆಸುತ್ತಿದ್ದವನು ಕೈ ನಿಲ್ಲಿಸಿದ. ಸುಳ್ಳು ಹೇಳಲಾರ, ನಿಜ ಯಾರೂ ಕೊಳ್ಳುವುದಿಲ್ಲ.

"ಮೊದಲನೇ ಗುಂಡು ಇದೆಯಲ್ಲ," ಎಂದ, "ಅದು ಹಾರಲೇಬಾರದು."

ಮುದುಕರು ಉಸಿರು ಬಿಗಿಹಿಡಿದು ನಿಂತರು. ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡರು. ಆಮೇಲೆ ಹಾರ್ಲನ್‌ನ ಬಣ್ಣ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ತಲೆಯಾಡಿಸುತ್ತ ಬಾಗಿಲ ಕಡೆ ನಡೆದರು.